ಗಿಟಾರು ಕೇಳಿಬಂದ ದಿಕ್ಕು

ಹಾಡುವವರ ಹೆಸರು ಪೋಸ್ಟರಿನಲ್ಲಿರುತ್ತದೆ. ಸಭಿಕರಿಗೆ ಸೌಂಡ್ ಕೊಡುವವನ ಹೆಸರು ಪುಣ್ಯವಿದ್ದರೆ ವಂದನಾರ್ಪಣೆಯಲ್ಲಿ ಬರುತ್ತದೆ. ಪರದೆಯ ಮರೆಯಲ್ಲಿ ನಿಂತು, ಹಾಡುವವರಿಗೆ ಅವರ ಹಾಡನ್ನೇ ಕೇಳಿಸುವ ಮೂರನೆಯವನೊಬ್ಬನಿದ್ದಾನೆ. ಅವನ ಹೆಸರು ಎಲ್ಲಿಯೂ ಬರುವುದಿಲ್ಲ. ಷಿಕಾಗೋದ ಒಂದು ಸಂಗೀತ ಸಭಾಂಗಣದಲ್ಲಿ ನಿವೃತ್ತನಾಗುವವರೆಗೆ ನಾನು ಆ ಮೂರನೆಯವನಾಗಿದ್ದೆ. ನನ್ನ ಹೆಂಡತಿ ಜುಬೇದಾಳ ತವರಿನವರು ಇವತ್ತಿಗೂ "ನಮ್ಮ ಅಳಿಯ ಅಮೆರಿಕದಲ್ಲಿ ಮೈಕ್ ಇಡ್ತಾರೆ" ಅಂತಲೇ ಹೇಳುವುದು. ಅದರಲ್ಲಿ ಸುಳ್ಳೇನೂ ಇಲ್ಲ.

ಷಿಕಾಗೋ ಪಕ್ಕದ ಲಿಸ್ಲ್‌ನಲ್ಲಿರುವ ಗೆಳೆಯರ ಮಗಳು ಈಗ ಇದೇ ಕೆಲಸಕ್ಕೆ ಸೇರಿದ್ದಾಳೆ. ಮೊನ್ನೆ ಮನೆಗೆ ಬಂದವಳು, "ಅಂಕಲ್, ಫಸ್ಟ್ ಏನು ಕಲೀಬೇಕು?" ಎಂದು ಕೇಳಿದಳು. ಯಾವ ಮೈಕು, ಯಾವ ಕೇಬಲ್ಲು ಎಂಬುದೆಲ್ಲ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಹಾಗಾಗಿ ಅವಳಿಗೆ ಹೇಳಿದ್ದನ್ನೇ, ಸ್ವಲ್ಪ ಸುತ್ತಿ ಬಳಸಿ, ಇಲ್ಲಿ ಬರೆಯುತ್ತಿದ್ದೇನೆ. ಸುತ್ತಿ ಬಳಸುವುದು ನನ್ನ ಸ್ವಭಾವ. ಜುಬೇದಾ ಎದುರಿಗಿದ್ದರೆ ಇಷ್ಟು ಹೊತ್ತಿಗೆ "ವಿಷಯಕ್ಕೆ ಬನ್ರೀ" ಅಂದಿರುತ್ತಿದ್ದಳು.

ನಮ್ಮದು ಅರಸೀಕೆರೆ. ಅಪ್ಪನಿಗೆ ಮೈಕ್ ಸೆಟ್ಟಿನ ಅಂಗಡಿ. ಮದುವೆ, ನಾಟಕ, ಚುನಾವಣೆ, ಉರುಸು, ಗಣಪತಿ, ಯಾವುದಾದರೂ ಸರಿ, ನಮ್ಮ ಸ್ಪೀಕರ್ ಇಲ್ಲದೆ ನಡೆಯುತ್ತಿರಲಿಲ್ಲ. ತೆಂಗಿನ ಮರಕ್ಕೆ ಸ್ಪೀಕರ್ ಕಟ್ಟುವುದು, ಮೈಕ್ ಸೀಟಿ ಹೊಡೆದರೆ ಬೈಸಿಕೊಳ್ಳುವುದು, ಎರಡನ್ನೂ ಅಲ್ಲೇ ಕಲಿತೆ. ಇಲ್ಲಿಗೆ ಬಂದಮೇಲೆ ಕೆಲವು ವರ್ಷ ಅಣ್ಣನ ಟಿವಿ ರಿಪೇರಿ ಅಂಗಡಿಯಲ್ಲಿದ್ದೆ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ಕೆಟ್ಟ ಸೌಂಡ್ ಮಿಕ್ಸರ್ ಒಂದನ್ನು ರಿಪೇರಿಗೆ ತಂದ ರೇ ಎಂಬ ಆಜಾನುಬಾಹು ಮನುಷ್ಯ, ನಾನು ಅದನ್ನು ಬಿಚ್ಚಿದ ರೀತಿ ನೋಡಿ ಸಭಾಂಗಣಕ್ಕೆ ಕರೆದುಕೊಂಡು ಹೋದ. ರೇ ಅಲ್ಲಿನ ಮುಖ್ಯಸ್ಥ. ದನಿಯೂ ಆಳಿನಷ್ಟೇ ದೊಡ್ಡದು.

ಮೊದಲ ದಿನವೇ ರೇ ನನ್ನನ್ನು ವೇದಿಕೆಯ ಬದಿಗೆ ನಿಲ್ಲಿಸಿದ. ಹಾಡುವವರ ಕಾಲಬುಡದಲ್ಲಿ, ಅವರ ಮುಖದ ಕಡೆಗೆ ಓರೆಯಾಗಿಟ್ಟ ಸ್ಪೀಕರ್‌ಗಳಿರುತ್ತವೆ. ಅದಕ್ಕೆ ಮಾನಿಟರ್ ಎಂದು ಹೆಸರು. ಸಭಿಕರ ಗದ್ದಲದಲ್ಲಿ ಹಾಡುಗಾರರಿಗೆ ತಮ್ಮ ದನಿ, ಜೊತೆಯವರ ವಾದ್ಯ ಕೇಳುವುದು ಅದರಿಂದಲೇ. ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ.

"ಖಾದರ್, ಕೈ ಮಿಕ್ಸರ್ ಮೇಲಿರ್ಲಿ, ಕಣ್ಣು ಮಾತ್ರ ಅವರ ಮುಖದ ಮೇಲಿರ್ಲಿ" ಅಂದ ರೇ. "ಅವರಿಗೆ ಬಾಯಿ ಖಾಲಿ ಇರಲ್ಲ. ಕಣ್ಣಲ್ಲೇ ಕೇಳ್ತಾರೆ. ನೀನು ನೋಡ್ಲಿಲ್ಲ ಅಂದ್ರೆ ಕೆಟ್ರು."

ಬೆರಳು ಮೇಲೆ ತೋರಿಸಿದರೆ ಜಾಸ್ತಿ ಮಾಡು, ಕೆಳಗೆ ತೋರಿಸಿದರೆ ಕಡಿಮೆ ಮಾಡು. ಹುಬ್ಬು ಗಂಟಿಕ್ಕಿದರೆ ಏನು ಬೇಕೆಂದು ನೀನೇ ಕಂಡುಹಿಡಿ. ಒಬ್ಬ ಡ್ರಮ್ ವಾದಕ ಇಡೀ ಸಂಜೆ ನನ್ನ ಕಡೆ ನೋಡಿ ಹುಬ್ಬು ಗಂಟಿಕ್ಕಿದ. ನಾನು ಅವನ ಸ್ಪೀಕರಿನಲ್ಲಿ ತಿರುಗಿಸದ ಗುಂಡಿಯಿಲ್ಲ. ಬೆವತುಹೋದೆ. ಮುಗಿದ ಮೇಲೆ ಬಂದವನೇ ಬೆನ್ನು ತಟ್ಟಿ, ಸೌಂಡ್ ಅದ್ಭುತವಾಗಿತ್ತು, ಹತ್ತಿರ ಯಾರಾದರೂ ಹಲ್ಲಿನ ಡಾಕ್ಟರ್ ಇದ್ದಾರಾ ಎಂದು ಕೇಳಿದ.

ಇನ್ನೊಂದು ಸಲ, ಡೆಟ್ರಾಯ್ಟ್ ಕಡೆಯ ಕನ್ನಡಿಗರ ರಾಜ್ಯೋತ್ಸವಕ್ಕೆ ಒಂದು ಹೈಸ್ಕೂಲಿನ ಸಭಾಂಗಣದಲ್ಲಿ ಮೈಕ್ ಇಡಲು ಹೋಗಿದ್ದೆ. ಕಾರ್ಯದರ್ಶಿ ಬಸವರಾಜ್ ಗದಗಿನವರು, ಡಿಯರ್‌ಬಾರ್ನ್‌ನಲ್ಲಿ ಕಾರಿನ ಎಂಜಿನಿಯರು. ಮೈಸೂರಿನಿಂದ ಬಂದ ಗಾಯಕರಿಗೆ ಮೊದಲು ಸನ್ಮಾನ, ಆಮೇಲೆ ಹಾಡು. ಹಾಡು ಶುರುವಾದದ್ದೇ ತಡ, ಗಾಯಕರು ಬೆರಳು ಮೇಲೆ ತೋರಿಸತೊಡಗಿದರು. ಜಾಸ್ತಿ ಮಾಡಿದೆ. ಮತ್ತೆ ತೋರಿಸಿದರು. ಮತ್ತೆ ಮಾಡಿದೆ; ಮೈಕ್ ಸೀಟಿ ಹೊಡೆಯಿತು. ಬಸವರಾಜ್ ಓಡಿಬಂದರು.

"ಖಾದರ್ ಸಾಹೇಬ್ರ, ಅವ್ರಿಗೆ ಏನೂ ಕೇಳವಲ್ದಂತ್ರೀ!"

ನಾನು ಮುಖ ನೋಡಿದೆ. ಸನ್ಮಾನದ ಮೈಸೂರು ಪೇಟ ಅವರ ತಲೆಗಿಂತ ದೊಡ್ಡದು. ಜಾರಿ ಎರಡೂ ಕಿವಿ ಮುಚ್ಚಿ ಕೂತಿತ್ತು. "ಪೇಟ ತೆಗೆಸಿ ಸಾರ್" ಅಂದೆ.

"ಅಯ್ಯ, ಈಗ ತೆಗಿಸಿದ್ರ ಸನ್ಮಾನಾನ ತೆಗದಂಗ ಆಗ್ತೈತ್ರೀ!" ಎಂದು ಹಣೆ ಹಣೆ ಬಡಿದುಕೊಂಡರು. ಕೊನೆಗೆ ಹೂಗುಚ್ಛ ಕೊಡುವ ನೆಪದಲ್ಲಿ ವೇದಿಕೆ ಹತ್ತಿ, ಪೇಟವನ್ನು ಮೆಲ್ಲನೆ ಮೇಲಕ್ಕೆತ್ತಿ ಬಂದರು. ಅಂದಿನಿಂದ ನಾವಿಬ್ಬರೂ ಗೆಳೆಯರು.

ಇಷ್ಟೆಲ್ಲ ಹೇಳಿದ್ದು, ನನ್ನ ಕಸುಬು ಮುಖ ನೋಡುವ ಕಸುಬು ಎಂದು ನಿಮಗೆ ಗೊತ್ತಾಗಲಿ ಅಂತ. ಹೀಗಿರುವಾಗ ನಮ್ಮ ಸಭಾಂಗಣಕ್ಕೆ ಇಸಿಯಾಕ ಮತ್ತು ಅವಾ ಬಂದರು. ಗಂಡ ಹೆಂಡತಿ ಇಬ್ಬರಿಗೂ ಕಣ್ಣಿಲ್ಲ.

ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ಅವರ ದೇಶ. ಇಸಿಯಾಕನಿಗೆ ಚಿಕ್ಕಂದಿನಲ್ಲಿ ದಡಾರ ಬಂದು ಕಣ್ಣು ಹೋಗಿತ್ತು. ಅವಾಳಿಗೆ ಹರೆಯಕ್ಕೆ ಬಂದಮೇಲೆ ಹೋದದ್ದು. ಒಂದು ಮದುವೆ ಮನೆಯಲ್ಲಿ ಅವನು ಗಿಟಾರ್ ನುಡಿಸುತ್ತಿದ್ದ, ಇವಳು ಅಂಗಳದ ಆಚೆ ಬದಿಯಲ್ಲಿ ಸೋಬಾನೆ ಹಾಡುವ ಹೆಂಗಸರ ಜೊತೆಯಲ್ಲಿದ್ದಳು. ಅಲ್ಲಿಂದಲೇ, "ನಿನ್ನ ಒಂದು ತಂತಿ ಇಳಿದಿದೆ, ಮೊದಲು ಅದನ್ನ ಸರಿಮಾಡಿಕೋ" ಎಂದು ಕೂಗಿದಳಂತೆ. ಅಷ್ಟು ಜನರ ಮುಂದೆ ಮರ್ಯಾದೆ ಹೋಯಿತು, ಬೇರೆ ದಾರಿಯಿಲ್ಲದೆ ಮದುವೆಯಾದೆ ಎನ್ನುವುದು ಇಸಿಯಾಕನ ವಿವರಣೆ.

ಅವರ ಸಂಗೀತವೂ ಹಾಗೆಯೇ, ಮನೆಯೊಳಗಿನ ಮಾತಿನಂತೆ. ಗಿಟಾರು ಒಂದು ಸಣ್ಣ ಮಾತನ್ನು ಹಿಡಿದು ಬಿಡದೆ ತಿರುತಿರುಗಿ ಕೇಳುತ್ತದೆ, ಅವಾ ಒಂದೊಂದು ಸಲವೂ ಬೇರೆಯೇ ಉತ್ತರ ಕೊಡುತ್ತಾಳೆ. ಸಂತೆಗೆ ಹೋದ ಗಂಡ ಈರುಳ್ಳಿ ಮರೆತು, ಇಬ್ಬರು ನೆಂಟರನ್ನು ಕರೆದುಕೊಂಡು ಬಂದದ್ದರ ಮೇಲೆ ಒಂದು ಹಾಡಿತ್ತು. ಭಾಷೆ ಒಂದಕ್ಷರ ಬಾರದ ಷಿಕಾಗೋದ ಜನ ಎಲ್ಲಿ ನಗಬೇಕೋ ಅಲ್ಲೇ ನಗುತ್ತಿದ್ದರು. ಆ ಹಾಡಿನ ನಡುವೆ ಅವಾ ಮೈಕ್ ಬಿಟ್ಟು, ಗಿಟಾರಿನ ಶಬ್ದ ಹಿಡಿದು ವೇದಿಕೆಯ ಮೇಲೆ ಗಂಡನ ಕಡೆಗೆ ನಡೆದುಹೋಗುತ್ತಿದ್ದಳು. ಹೋಗಿ ಅವನ ಹೆಗಲ ಮೇಲೆ ಕೈಯಿಡುತ್ತಿದ್ದಳು. ಜನ ಎದ್ದು ನಿಲ್ಲುತ್ತಿದ್ದರು. ಮೊದಲ ಸಲ ನೋಡಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಅವರಿಗೆ ನನ್ನ ಹೆಸರು ಕೇಳಿಯೇ ಖುಷಿ. "ಕಾದರ್! ನಮ್ಮ ಬೀದಿಯಲ್ಲೂ ಕಾದರ್ ಇದ್ದಾನೆ, ಸೈಕಲ್ ರಿಪೇರಿ ಮಾಡ್ತಾನೆ" ಅಂದ ಇಸಿಯಾಕ. ಸಲಾಂ ಹೇಳುವಷ್ಟರ ಮಟ್ಟಿಗೆ ನಮಗೆ ಒಂದೇ ಭಾಷೆ. ಉಳಿದದ್ದನ್ನು ಅವರ ಪ್ರವಾಸ ನೋಡಿಕೊಳ್ಳುತ್ತಿದ್ದ ಕ್ಲೋದಿನ್ ಎಂಬಾಕೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ನಾನು ಅವಾಳನ್ನು ಆಪಾ ಅನ್ನತೊಡಗಿದೆ, ಅಕ್ಕ ಅಂತ ಅರ್ಥ. ಅವರು ಕಣ್ಣಲ್ಲಿ ಕೇಳುವಂತಿಲ್ಲವಲ್ಲ, ಅದಕ್ಕೆ ಒಂದು ಉಪಾಯ ಮಾಡಿಕೊಂಡೆವು. ಆಪಾ ತಲೆಯ ಬಟ್ಟೆಯನ್ನು ಸರಿಪಡಿಸಿಕೊಂಡರೆ ಗಂಡನ ಗಿಟಾರು ಜಾಸ್ತಿ ಬೇಕು ಎಂದು ಅರ್ಥ. ಪಾಪ, ಒಮ್ಮೆ ಬಟ್ಟೆ ನಿಜವಾಗಿಯೂ ಜಾರುತ್ತಿತ್ತು, ನಾನು ಗಿಟಾರನ್ನು ಏರಿಸುತ್ತಲೇ ಹೋದೆ.

ಆಮೇಲೆ ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಕಳೆದಿರಬೇಕು. ನಮ್ಮ ಕಸುಬಿನಲ್ಲಿ ಹೊಸ ಪದ್ಧತಿ ಬಂತು. ವೇದಿಕೆ ಚೊಕ್ಕಟವಾಗಿರಬೇಕು ಎಂಬ ಹುಚ್ಚು. ಮೊದಲೆಲ್ಲ ಗಿಟಾರಿನವನ ಬೆನ್ನ ಹಿಂದೆಯೇ ಅವನ ಆಂಪ್ಲಿಫೈಯರ್ ಇರುತ್ತಿತ್ತು; ಅದರ ಶಬ್ದ ಹಾಡುವವರ ಮೈಕಿಗೆ ನುಗ್ಗಿ ಕಲಸಿಬಿಡುತ್ತದೆ ಎಂದು ಅದನ್ನು ಒಯ್ದು ಪರದೆಯ ಹಿಂದೆ ಪೆಟ್ಟಿಗೆಯೊಳಗೆ ಇಡತೊಡಗಿದರು. ಅಲ್ಲಿ ಅದಕ್ಕೊಂದು ಮೈಕು. ಅಲ್ಲಿಂದ ತಂತಿಯಲ್ಲಿ ಬಂದ ಗಿಟಾರನ್ನು ಕಾಲಬುಡದ ಮಾನಿಟರ್‌ನಲ್ಲಿ ಎಲ್ಲರಿಗೂ ಹಂಚುವುದು. ಸಭಿಕರಿಗೆ ಕನ್ನಡಿಯಷ್ಟು ಸ್ವಚ್ಛ. ನಾನೂ ಮೆಚ್ಚಿಕೊಂಡಿದ್ದೆ.

ಆ ವರ್ಷ ಇಸಿಯಾಕ, ಅವಾ ಮತ್ತೆ ಬಂದರು. ಷಿಕಾಗೋದಲ್ಲಿ ಒಂದು ಕಾರ್ಯಕ್ರಮ, ಒಂದು ದಿನ ಬಿಟ್ಟು ಡೆಟ್ರಾಯ್ಟ್‌ನಲ್ಲಿ ಇನ್ನೊಂದು. ಎರಡಕ್ಕೂ ನಾನೇ, ಜೊತೆಗೆ ರೇ. ಆಪಾಳ ಮಣಿಕಟ್ಟಿಗೆ ಬ್ಯಾಂಡೇಜ್ ಇತ್ತು. ಹಿಂದಿನ ಊರಿನಲ್ಲಿ ಹಾಡುತ್ತಾ ಹಾಡುತ್ತಾ ವೇದಿಕೆಯಿಂದ ಕೆಳಗೆ ಬಿದ್ದಿದ್ದಳು. ಅದೃಷ್ಟಕ್ಕೆ ವೇದಿಕೆ ತಗ್ಗು. "ವಯಸ್ಸಾಯ್ತು, ತೋಲ ತಪ್ಪಿತು" ಎಂದಳು ಕ್ಲೋದಿನ್. ಈಗ ವೇದಿಕೆಯ ಹಿಂಭಾಗದಲ್ಲಿ ಅವಳಿಗೊಂದು ಕುರ್ಚಿ. ಅಲ್ಲಿಂದ ಏಳಬಾರದು.

ಅಂದು ಆಪಾ ಕೂತು ಹಾಡಿದಳು. ಸ್ವರ ತಪ್ಪಲಿಲ್ಲ, ತಾಳ ತಪ್ಪಲಿಲ್ಲ, ಆದರೆ ಕಂಬಳಿ ಹೊದ್ದು ಹಾಡಿದ ಹಾಗಿತ್ತು. ಈರುಳ್ಳಿ ಹಾಡಿಗೆ ಯಾರೂ ನಗಲಿಲ್ಲ. ಇಸಿಯಾಕ ಮಾತ್ರ ಅವಳಿದ್ದಾಳೆಂದುಕೊಂಡ ದಿಕ್ಕಿಗೆ ಮುಖ ತಿರುಗಿಸುತ್ತಲೇ ಇದ್ದ. ಕಾರ್ಯಕ್ರಮ ಮುಗಿದ ಮೇಲೆ ಕ್ಲೋದಿನ್ ನನ್ನನ್ನು ಪಕ್ಕಕ್ಕೆ ಕರೆದಳು.

"ಡೆಟ್ರಾಯ್ಟೇ ಕೊನೆ. ಅವಾ ಇನ್ನು ಹಾಡಲ್ವಂತೆ, ಊರಿಗೆ ಹೋಗ್ತೀನಿ ಅಂತಿದ್ದಾಳೆ. ಯಾಕೆ ಅಂದ್ರೆ ಹೇಳಲ್ಲ. ಅವಳಿಲ್ಲದೆ ನಾನು ನುಡಿಸಲ್ಲ ಅಂತ ಇಸಿಯಾಕ."

ನನಗೆ ಸಂಕಟವಾಯಿತು. ಹಲವರು ಹಾಡು ನಿಲ್ಲಿಸುವುದನ್ನು ನೋಡಿದ್ದೇನೆ, ಗಂಟಲು ಹೋದವರು, ಮನಸ್ಸು ಹೋದವರು. ಇವರಿಗೆ ಎರಡೂ ಹೋಗಿರಲಿಲ್ಲ. ಏನು ಮಾಡುವುದೆಂದು ತೋಚದೆ, ಮರುದಿನ ಮಧ್ಯಾಹ್ನ ಮನೆಗೆ ಊಟಕ್ಕೆ ಕರೆದೆ. ಏನೂ ತೋಚದಿದ್ದಾಗ ನಮ್ಮ ಕಡೆಯವರು ಮಾಡುವುದು ಅದನ್ನೇ ತಾನೇ.

ಜುಬೇದಾ ಕುಷ್ಕಾ, ಅದಕ್ಕೆ ದಾಲ್ಚಾ ಎನ್ನುವ ಬೇಳೆ ಸಾರು, ಕಡಲೆಕಾಯಿ ಅರೆದು ಹಾಕಿದ ಬದನೆಕಾಯಿ ಮಾಡಿದ್ದಳು. ಆಪಾ ಬಾಗಿಲಲ್ಲೇ ನಿಂತು ಮೂಗರಳಿಸಿ, ಕಡಲೆಕಾಯಿ ಸಾರು ಎಂದು ಕ್ಲೋದಿನ್‌ಗೆ ಹೇಳಿದಳು. ಅವರ ಊರಿನಲ್ಲೂ ಮಾಡುತ್ತಾರಂತೆ. ಜುಬೇದಾ ಅವಳ ಕೈ ಹಿಡಿದು ಒಳಗೆ ಕರೆದೊಯ್ದಳು. ನೆರೆಹೊರೆಯ ನಮ್ಮವರು ನಾಲ್ಕಾರು ಮನೆಯವರೂ ಬಂದಿದ್ದರು. ರೂಢಿಯಂತೆ ಗಂಡಸರೆಲ್ಲ ಮುಂದಿನ ಹಾಲ್‌ನಲ್ಲಿ, ಹೆಂಗಸರೆಲ್ಲ ಹಿಂದೆ ಅಡುಗೆಮನೆಯಲ್ಲಿ. ನಡುವೆ ಬಾಗಿಲು.

ಊಟವಾದ ಮೇಲೆ ಇಸಿಯಾಕ ಗಿಟಾರ್ ಕೈಗೆತ್ತಿಕೊಂಡ. ಕೂಡಲೇ ಬಾಗಿಲ ಸಂದಿಯಿಂದ ಜುಬೇದಾಳ ತಲೆ ಕಾಣಿಸಿತು.

"ಗಂಡಸ್ರು ಕೇಳಿದ್ರೆ ಸಾಕಾ? ನಮ್ಮ ಕಡೆ ಸ್ಪೀಕರ್ ಆನ್ ಮಾಡ್ರೀ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಮದುವೆಯಿರಲಿ, ಮಿಲಾದ್ ಇರಲಿ, ಮಾತು ಹಾಡು ಎಲ್ಲ ಗಂಡಸರ ಕಡೆ. ಹೆಂಗಸರ ಕಡೆಗೆ ಒಂದು ಸ್ಪೀಕರ್. ಅಪ್ಪನ ಅಂಗಡಿಯಲ್ಲಿ 'ಹೆಂಗಸರ ಕಡೆ ಸ್ಪೀಕರ್' ಎಂದೇ ಒಂದನ್ನು ಬೇರೆ ಇಟ್ಟಿದ್ದೆವು. ಮೈಕ್ ಸೆಟ್ಟಿನವನ ಮಗ ನಾನು, ನನ್ನ ಮನೆಯಲ್ಲಿ ಇಲ್ಲದೆ ಇರುತ್ತದೆಯೇ? ಅಡುಗೆಮನೆಯ ಗೋಡೆಗೆ, ಬೇಸ್‌ಮೆಂಟಿನ ಬಾಗಿಲ ಮೇಲೆ, ಒಂದು ಒಳ್ಳೆಯ ಸ್ಪೀಕರ್ ಜಡಿದಿದ್ದೆ. ಇಸಿಯಾಕನ ಮುಂದೆ ಒಂದು ಮೈಕ್ ಇಟ್ಟು, ಸ್ಪೀಕರ್ ಆನ್ ಮಾಡಿ, ಬಾಗಿಲು ಮುಚ್ಚಿ ಬಂದು ಕೂತೆ. ಈರುಳ್ಳಿ ಹಾಡಿನ ಗಿಟಾರು ಶುರುವಾಯಿತು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಒಂದು ಕೂಗು. ಪಾತ್ರೆ ಬಿದ್ದ ಸದ್ದು. ಓಡಿದೆ.

ಬೇಸ್‌ಮೆಂಟಿನ ಬಾಗಿಲು ತೆರೆದಿತ್ತು, ಕೆಳಗಿನ ಫ್ರಿಜ್‌ನಿಂದ ಮೊಸರು ತರಲು ಯಾರೋ ತೆರೆದದ್ದು. ಮೆಟ್ಟಿಲ ಅಂಚಿನಲ್ಲಿ ಆಪಾ. ಒಂದು ಕೈ ಮುಂದೆ ಚಾಚಿದ್ದಾಳೆ. ಜುಬೇದಾ ಹಿಂದಿನಿಂದ ಅವಳ ಸೊಂಟವನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದುಕೊಂಡಿದ್ದಾಳೆ. ದಾಲ್ಚಾ ನೆಲದ ತುಂಬ.

"ಎಷ್ಟು ಸಲೀಸಾಗಿ ಎದ್ದು ಹೊರಟ್ರು ಅಂದ್ರೆ, ಕಣ್ಣಿರೋರ ಹಾಗೆ!" ಅಂದಳು ಜುಬೇದಾ, ಹಿಡಿದ ಕೈ ಬಿಡದೆ.

ಆಪಾಳನ್ನು ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟರು. ಅವಳು ಏನೋ ಹೇಳಿದಳು. ಕ್ಲೋದಿನ್ ಅನುವಾದಿಸಿದಳು: "ಇಸಿಯಾಕ ಅಲ್ಲಿದ್ದಾನೆ ಅಂತ ಹೋದೆ."

ಯಾರೋ ಪಿಸಕ್ಕನೆ ನಕ್ಕರು. ಆಪಾ ನಗಲಿಲ್ಲ. ಮುಖ ಮುಚ್ಚಿಕೊಂಡು ಅತ್ತಳು. ಅಳುತ್ತಲೇ ಬಹಳ ಹೊತ್ತು ಮಾತಾಡಿದಳು. ಕೇಳುತ್ತಾ ಕೇಳುತ್ತಾ ಕ್ಲೋದಿನ್ ನೆಲದ ಮೇಲೆ ಕೂತುಬಿಟ್ಟಳು.

"ಅವತ್ತು ಬಿದ್ದಾಗಲೂ ಹೀಗೇ ಆಯ್ತಂತೆ. ಅವನ ಹತ್ತಿರ ಹೋಗೋಣ ಅಂತ ಹೆಜ್ಜೆ ಇಟ್ಟಳಂತೆ, ಅಲ್ಲಿ ನೆಲವೇ ಇರಲಿಲ್ಲ. ತನ್ನ ಕಿವಿ ಹೋಗ್ತಿದೆ ಅಂತ ಅಂದ್ಕೊಂಡಿದ್ದಾಳೆ. ಇಸಿಯಾಕನಿಗೂ ಹೇಳಿಲ್ಲ. ಕಣ್ಣು ಹೋದಾಗ ಇಷ್ಟು ಅತ್ತಿರಲಿಲ್ಲ, ಕಿವಿಯೂ ಹೋದರೆ ಅವನು ಎಲ್ಲಿದ್ದಾನೆ ಅಂತ ನನಗೆ ಹೇಗೆ ಗೊತ್ತಾಗಬೇಕು ಅಂತಾಳೆ."

ಬಾಗಿಲ ಮೇಲಿನ ಸ್ಪೀಕರಿನಲ್ಲಿ ಗಿಟಾರು ನಡೆದೇ ಇತ್ತು; ಹಾಲ್‌ನಲ್ಲಿದ್ದ ಇಸಿಯಾಕನಿಗೆ ಇದೇನೂ ಗೊತ್ತಿಲ್ಲ. ಜುಬೇದಾ ಒಮ್ಮೆ ಸ್ಪೀಕರ್ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು.

"ರೀ, ಅವ್ರ ಕಿವಿಗೇನಾಗಿದೆ? ಗಿಟಾರ್ ಅಲ್ಲಿಂದ ತಾನೇ ಬರ್ತಿರೋದು? ಅಲ್ಲಿಗೇ ಹೋದ್ರು. ಆ ವೇದಿಕೆ ಮೇಲೆ ಎಲ್ಲಿಂದ ಬರ್ತಿತ್ತು?"

ಎಲ್ಲಿಂದ? ಕಾಲಬುಡದ ಮಾನಿಟರ್‌ನಿಂದ. ಮಾನಿಟರ್ ಇರುವುದು ವೇದಿಕೆಯ ಅಂಚಿನಲ್ಲಿ. ಗಂಡನ ಬೆನ್ನ ಹಿಂದೆ ಇದ್ದ ಆಂಪ್ಲಿಫೈಯರನ್ನು ಒಯ್ದು ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಮೇಲೆ, ಅವನಿರುವ ಕಡೆಯಿಂದ ಅವಳಿಗೆ ಏನೂ ಕೇಳುತ್ತಿರಲಿಲ್ಲ. ಅವಳ ಪಾಲಿಗೆ ಇಸಿಯಾಕ ವೇದಿಕೆಯ ಅಂಚಿನಲ್ಲಿ ಕೂತಿದ್ದ. ನಾವೆಲ್ಲ ಸೇರಿ ವೇದಿಕೆಯನ್ನು ಚೊಕ್ಕಟ ಮಾಡಿ, ಅವಳ ಗಂಡನನ್ನು ಅಲ್ಲಿಂದ ಎತ್ತಿ ಬೇರೆ ಕಡೆ ಇಟ್ಟಿದ್ದೆವು.

ನಾನು ಸ್ಪೀಕರ್ ಆಫ್ ಮಾಡಿದೆ. ಬೇಸ್‌ಮೆಂಟಿನ ಬಾಗಿಲು ಹಾಕಿದೆ. ಹಾಲ್‌ನ ಬಾಗಿಲು ತೆರೆದೆ. ಗಿಟಾರಿನ ನಿಜವಾದ ಸದ್ದು ಅಡುಗೆಮನೆಗೆ ಬಂತು.

"ಆಪಾ, ಈಗ ಹೋಗಿ ನೋಡಿ" ಎಂದೆ. ಕನ್ನಡದಲ್ಲೇ ಅಂದುಬಿಟ್ಟೆ, ಕ್ಲೋದಿನ್ ಅನುವಾದಿಸುವ ಅಗತ್ಯವೂ ಬೀಳಲಿಲ್ಲ. ಆಪಾ ಎದ್ದಳು. ಒಂದು ಕ್ಷಣ ತಲೆ ವಾಲಿಸಿ ನಿಂತಳು. ಆಮೇಲೆ ಬಾಗಿಲು ದಾಟಿ, ಸೋಫಾದ ಮೂಲೆ ಬಳಸಿ, ನೆಲದಲ್ಲಿ ಕೂತ ಗಂಡಸರು ಕಾಲು ಮಡಚಿಕೊಳ್ಳುತ್ತಿದ್ದಂತೆ ಅವರ ನಡುವೆ ನಡೆದು, ಇಸಿಯಾಕನ ಹೆಗಲ ಮೇಲೆ ಕೈಯಿಟ್ಟಳು.

"ಊಟ ಆಯ್ತಾ?" ಎಂದು ಕೇಳಿದನಂತೆ ಅವನು.

ಅವಳು ಅವರ ಭಾಷೆಯಲ್ಲಿ ಎಲ್ಲ ಹೇಳಿದಳು. ಅವನು ಗಿಟಾರನ್ನು ಕೆಳಗಿಟ್ಟ. ಮೊದಲು ಬೈದ. ಕ್ಲೋದಿನ್ ನಗುತ್ತಾ ಅಳುತ್ತಾ ನನಗೆ ಹೇಳಿದಳು: "ಅಷ್ಟು ದೂರದಿಂದ ನನ್ನ ತಂತಿ ಇಳಿದಿದೆ ಅಂತ ಊರಿಗೆಲ್ಲ ಕೇಳೋ ಹಾಗೆ ಕೂಗಿದೋಳು, ಪಕ್ಕದಲ್ಲಿ ಮಲಗಿ ಇದನ್ನ ಹೇಳಲಿಲ್ಲವಲ್ಲ ಅಂತ ಬೈತಿದ್ದಾನೆ." ಬೈದು ಮುಗಿಸಿ ಅವಳ ಬ್ಯಾಂಡೇಜಿನ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಕೂತ. ನಾವು ಗಂಡಸರು ಕಿಟಕಿಯ ಕಡೆ ನೋಡಿದೆವು.

ಕಾರಣ ತಿಳಿದರೆ ಅರ್ಧ ಕೆಲಸ ಮುಗಿದಂತೆ ಅಂದುಕೊಂಡಿದ್ದೆ. ಉಳಿದರ್ಧ ಡೆಟ್ರಾಯ್ಟ್‌ನಲ್ಲಿ ಕಾದಿತ್ತು. ಮರುದಿನ ಐ-94 ಹೆದ್ದಾರಿಯಲ್ಲಿ ಡ್ರೈವ್ ಮಾಡುತ್ತಲೇ ರೇಗೆ ಎಲ್ಲ ವಿವರಿಸಿದೆ. ಅವನು ಪಕ್ಕದ ಸೀಟಿನಲ್ಲಿ ಕೂತು ಕೇಳಿಸಿಕೊಂಡ. ಅಲ್ಲಿ ಹೋದಮೇಲೆ ಆಂಪ್ಲಿಫೈಯರನ್ನು ಪೆಟ್ಟಿಗೆಯಿಂದ ತೆಗೆಸಿ ಇಸಿಯಾಕನ ಬೆನ್ನ ಹಿಂದೆ ಇಡಿಸಿದ. ಸಭಿಕರ ಸೌಂಡ್ ನೋಡಿಕೊಳ್ಳುವವನು, ಮೈಕಿಗೆಲ್ಲ ಗಿಟಾರ್ ನುಗ್ಗುತ್ತದೆ, ಚೊಕ್ಕಟ ಬರುವುದಿಲ್ಲ ಎಂದು ತಕರಾರು ತೆಗೆದ.

"ಜನಕ್ಕೆ ಸ್ವಲ್ಪ ಕಮ್ಮಿ ಚೊಕ್ಕಟ ಕೇಳಿಸಿದ್ರೆ ಯಾರೂ ಕೆಳಗೆ ಬೀಳಲ್ಲಪ್ಪ" ಅಂದ ರೇ. ಅಲ್ಲಿಗೆ ತಕರಾರು ಮುಗಿಯಿತು.

ನಾನು ಆಪಾಳ ಮಾನಿಟರ್‌ನಿಂದ ಗಿಟಾರನ್ನು ಪೂರ್ತಿ ತೆಗೆದೆ. ಅದರಲ್ಲಿ ಅವಳ ದನಿ ಮಾತ್ರ. ಗಂಡ ಗಂಡನಿರುವ ಕಡೆಯಿಂದಲೇ ಕೇಳಲಿ. ಇಸಿಯಾಕ ನುಡಿಸಿದ. ಆಪಾ ಎರಡು ಹೆಜ್ಜೆ ಇಟ್ಟವಳು ನಿಂತುಬಿಟ್ಟಳು. ಮುಖದಲ್ಲಿ ಅದೇ ಹೆದರಿಕೆ.

"ಇಬ್ಬರು ಇಸಿಯಾಕ ಇದ್ದಾರೆ" ಅಂದಳು.

ಅದೊಂದು ಹಳೆಯ ಥಿಯೇಟರ್. ಎದುರಿನ ಬಾಲ್ಕನಿಯ ಗಾರೆ ಗೋಡೆಗೆ ಬಡಿದು ಗಿಟಾರು ವಾಪಸ್ ಬರುತ್ತಿತ್ತು. ನಮಗೆ ಅದು ಬರೀ ಪ್ರತಿಧ್ವನಿ. ಅವಳಿಗೆ ಸಭಿಕರ ಕಡೆಯಲ್ಲಿ ಇನ್ನೊಬ್ಬ ಗಂಡ. ಕ್ಲೋದಿನ್ ಕುರ್ಚಿ ತಂದು ವೇದಿಕೆಯ ಮೇಲಿಟ್ಟಳು. ಗೋಡೆಗೆ ದಪ್ಪ ಬಟ್ಟೆ ಹೊದಿಸಬೇಕು. ಅಷ್ಟು ದೊಡ್ಡ ಪರದೆ ಆ ಥಿಯೇಟರಿನಲ್ಲಿ ಇರಲಿಲ್ಲ. ನನಗೆ ಬಸವರಾಜ್ ನೆನಪಾದರು. ಫೋನ್ ಮಾಡಿದೆ.

"ಜಮಖಾನಿ ಏನ್ರಿ? ಸಂಘದ್ದು ನಮ್ಮ ಗರಾಜ್‌ನಾಗ ಅದಾವು. ಇನ್ನೂ ಬೇಕಂದ್ರ ನಮ್ಮ ಸಬ್‌ಡಿವಿಜನ್‌ನಾಗ ಮನಿಮನಿಗೆ ಕೇಳ್ತೀನಿ. ಯಾರಿಗೆ ಪೇಟಾ ಸುತ್ತಾಕತ್ತೀರಿ ಈ ಸಲ?"

"ಗೋಡೆಗೆ ಸಾರ್" ಎಂದೆ.

ಸಂಜೆಯೊಳಗೆ ಎರಡು ವ್ಯಾನಿನಲ್ಲಿ ಬಂತು. ಯುಗಾದಿ ಊಟಕ್ಕೆ ಹಾಸುವ ಸಂಘದ ಜಮಖಾನೆಗಳು, ಯಾರದೋ ಮನೆಯ ಕಂಬಳಿ, ಕೌದಿ, ಇನ್ನೂ ಸಾಂಬಾರಿನ ಕಲೆಯಿದ್ದ ಒಂದು ಚಾಪೆ. ಬಸವರಾಜ್ ಟೈ ಕಟ್ಟಿಕೊಂಡೇ ಏಣಿ ಹತ್ತಿದರು. ಬಾಲ್ಕನಿಯ ಗೋಡೆಯ ಉದ್ದಕ್ಕೂ ಎಲ್ಲ ನೇತುಹಾಕಿದೆವು. ಡೆಟ್ರಾಯ್ಟ್‌ನ ಆ ಥಿಯೇಟರು ಹಬ್ಬದ ದಿನ ಒಗೆದ ಬಟ್ಟೆ ಒಣಹಾಕಿದ ಮನೆಯ ಹಾಗೆ ಕಾಣುತ್ತಿತ್ತು. ಇಸಿಯಾಕ ಮತ್ತೆ ನುಡಿಸಿದ. ಆಪಾ ತಲೆ ವಾಲಿಸಿದಳು, ಬಹಳ ಹೊತ್ತು ಕೇಳಿದಳು. ಆಮೇಲೆ ಕೈಯಲ್ಲಿ ತಡವಿ ಕುರ್ಚಿಯನ್ನು ಹುಡುಕಿ, ತಾನೇ ಎತ್ತಿ ಕ್ಲೋದಿನ್ ಕೈಗೆ ಕೊಟ್ಟಳು.

ಅಂದು ಈರುಳ್ಳಿ ಹಾಡಿನ ತನಕ ನನ್ನ ಜೀವ ಬಾಯಿಗೆ ಬಂದಿತ್ತು. ಕ್ಲೋದಿನ್ ನನ್ನ ಪಕ್ಕದಲ್ಲಿ ಪರದೆ ಹಿಡಿದು ನಿಂತಿದ್ದಳು. ಥಿಯೇಟರ್ ತುಂಬ ಜನ. ಜನರ ಕೆಮ್ಮು, ಚಪ್ಪಾಳೆ, ನಗು. ಇಷ್ಟರ ನಡುವೆ ಅವಳಿಗೆ ದಾರಿ ಕೇಳುವುದೇ? ಗಿಟಾರು ತನ್ನ ಪ್ರಶ್ನೆ ಕೇಳಿತು. ಅವಾ ಮೈಕ್ ಬಿಟ್ಟಳು. ವೇದಿಕೆಯ ಅಂಚು ಅವಳ ಎದುರಿಗೆ, ಗಂಡ ಎಡಕ್ಕೆ. ಅವಳು ಎಡಕ್ಕೆ ತಿರುಗಿದಳು. ತಡವರಿಸಲಿಲ್ಲ, ಕೈ ಮುಂದೆ ಚಾಚಲಿಲ್ಲ. ಅಡುಗೆಮನೆಯಿಂದ ನಡುಮನೆಗೆ ಹೋಗುವ ಹೆಂಗಸಿನ ಹಾಗೆ ಹೋಗಿ ಅವನ ಹೆಗಲ ಮೇಲೆ ಕೈಯಿಟ್ಟಳು. ಇಸಿಯಾಕ ಈರುಳ್ಳಿ ಮರೆತದ್ದಕ್ಕೆ ಅವಳು ಮೈಕಿಲ್ಲದೆಯೇ ಬೈದ ಬೈಗುಳ ಬಾಲ್ಕನಿಯ ಜಮಖಾನೆಯವರೆಗೂ ಕೇಳಿಸಿತು. ಜನ ನಕ್ಕರು, ಎದ್ದು ನಿಂತರು. ಬಸವರಾಜ್ ಸೀಟಿ ಹೊಡೆದರು. ರೇ ನನ್ನ ಬೆನ್ನಿಗೆ ಒಂದು ಗುದ್ದು ಹಾಕಿದ, ಎರಡು ದಿನ ನೋಯುತ್ತಿತ್ತು. ಕಸುಬಿನಲ್ಲಿ ನನಗೆ ಸಿಕ್ಕ ದೊಡ್ಡ ಸನ್ಮಾನ ಅದೇ. ಇಸಿಯಾಕ, ಅವಾ ಆಮೇಲೂ ಎಷ್ಟೋ ವರ್ಷ ಹಾಡಿದರು. ಯಾವ ಊರಿಗೆ ಹೋದರೂ ಮೊದಲು ಕೇಳುತ್ತಿದ್ದದ್ದು, ಆಂಪ್ಲಿಫೈಯರ್ ಎಲ್ಲಿ ಎಂದೇ ಅಂತೆ.

ಮರುದಿನ ಮನೆಗೆ ಬಂದರೆ ಡೈನಿಂಗ್ ಟೇಬಲ್ ಮೇಲೆ ಅಡುಗೆಮನೆಯ ಸ್ಪೀಕರ್ ಕೂತಿತ್ತು. ತಂತಿ, ಮೊಳೆ ಸಮೇತ.

"ಏನಿದು?"

"ತೆಗ್ದೆ" ಅಂದಳು ಜುಬೇದಾ, ಚಹಾ ಸೋಸುತ್ತಾ. "ಇನ್ಮೇಲೆ ಯಾರು ಹಾಡಿದ್ರೂ ನಾವು ಹಾಲ್‌ನಲ್ಲೇ ಕೂತ್ಕೊಂಡು ಕೇಳ್ತೀವಿ. ಜಾಗ ಸಾಲ್ದಿದ್ರೆ ಗಂಡಸ್ರು ಅಡುಗೆಮನೇಲಿ ಕೂತ್ಕೊಳ್ಳಿ."

ಮುಂದಿನ ಈದ್‌ಗೆ ಜಾಗ ಸಾಲಲಿಲ್ಲ. ಹಾಲ್ ತುಂಬ ಹೆಂಗಸರು. ಯಾರದೋ ತಾಯಿ ಊರಿನಿಂದ ಬಂದವರು ಪ್ರವಾದಿಯವರನ್ನು ಸ್ತುತಿಸುವ ಹಳೆಯ ನಾತ್ ಒಂದನ್ನು ಹಾಡುತ್ತಿದ್ದರು. ನಾನು ಅಡುಗೆಮನೆಯಲ್ಲಿ, ಬೇಸ್‌ಮೆಂಟಿನ ಬಾಗಿಲಿಗೆ ಬೆನ್ನು ಕೊಟ್ಟು, ತಟ್ಟೆ ಒರೆಸುತ್ತಾ ಕೂತಿದ್ದೆ. ನಡುವಿನ ಬಾಗಿಲು ತೆರೆದಿತ್ತು. ದನಿ ಸಣ್ಣದಾಗಿತ್ತು, ಅಲ್ಲಲ್ಲಿ ಮಾತು ತಪ್ಪಿಹೋಗುತ್ತಿತ್ತು, ಆದರೆ ಹಾಡು ಹಾಡುತ್ತಿದ್ದವರ ಕಡೆಯಿಂದಲೇ ಕೇಳಿಬರುತ್ತಿತ್ತು.